ಹಸಿ ಮಾಂಸ ದಿನಕ್ಕೆ ಎಷ್ಟು ಹಾಕಬೇಕು? ಒಂದೇ ಲೆಕ್ಕದಲ್ಲಿ ಒಂದು ನಾಯಿ ದಪ್ಪ ಆಗ್ತಿದೆ, ಇನ್ನೊಂದು ಸೊರಗ್ತಿದೆ

ಕರಿಯ_ಪುಟ್ಟಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎರಡು ನಾಯಿಗಳಿವೆ. ಕರಿಯ ಲ್ಯಾಬ್ರಡಾರ್, ಐದು ವರ್ಷ, ಸಂತಾನಹರಣ ಆಪರೇಷನ್ ಆಗಿದೆ, ಈಗಿನ ತೂಕ 34 ಕೆಜಿ. ಡಾಕ್ಟರ್ ಪ್ರಕಾರ 30 ಇದ್ದರೆ ಸರಿ. ಪುಟ್ಟಿ ಮಿನಿಯೇಚರ್ ಡ್ಯಾಶ್‌ಹುಂಡ್, ಮೂರು ವರ್ಷ, ಅವಳಿಗೂ ಆಪರೇಷನ್ ಆಗಿದೆ, ಇರಬೇಕಾದ ತೂಕ 5 ಕೆಜಿ. ಈಗ ಅದಕ್ಕಿಂತ ಇಳಿದಿದ್ದಾಳೆ, ಬೆನ್ನುಮೂಳೆ ಕೈಗೆ ಸಿಗುತ್ತದೆ.

ಇಬ್ಬರನ್ನೂ ಪ್ಯಾಕೆಟ್ ಕಾಳಿನಿಂದ ಹಸಿ ಆಹಾರಕ್ಕೆ ಬದಲಾಯಿಸಿದ್ದೇವೆ. ಎಲ್ಲ ಕಡೆ ಹೇಳುವುದು ಒಂದೇ ಮಾತು, ದೇಹದ ತೂಕದ ಶೇಕಡಾ 2ರಿಂದ 3. ನಾನು ನಡುವಿನ 2.5 ಹಿಡಿದೆ. ಹಾಗಾಗಿ ಕರಿಯನಿಗೆ ದಿನಕ್ಕೆ 850 ಗ್ರಾಂ, ಪುಟ್ಟಿಗೆ 125 ಗ್ರಾಂ. ಅಡುಗೆಮನೆ ತಕ್ಕಡಿಯಲ್ಲಿ ತೂಗಿಯೇ ಹಾಕುತ್ತೇವೆ, ಕಣ್ಣಳತೆ ಅಲ್ಲ. ಕರಿಯನಿಗೆ ಚರ್ಮ ಸಮೇತ ಚಿಕನ್ ತೊಡೆ, ಸ್ವಲ್ಪ ಲಿವರ್. ಪುಟ್ಟಿಗೆ ಕೊಬ್ಬು ಜಾಸ್ತಿ ಆದರೆ ವಾಂತಿ ಆಗಬಹುದು ಅಂತ ಚರ್ಮ ತೆಗೆದ ಎದೆಮಾಂಸ, ಜೊತೆಗೆ ಅರ್ಧ ಮೊಟ್ಟೆ.

ಈಗ ನೋಡಿದರೆ ಅವನು ಏರುತ್ತಲೇ ಇದ್ದಾನೆ, ಅವಳು ಇಳಿಯುತ್ತಲೇ ಇದ್ದಾಳೆ. ಪುಟ್ಟಿ ಬಟ್ಟಲು ನೆಕ್ಕಿ ಮುಗಿಸಿ ಮತ್ತೆ ಅಡುಗೆಮನೆ ಬಾಗಿಲಲ್ಲೇ ಕೂರುತ್ತಾಳೆ, ನೋಡೋಕೆ ಸಂಕಟ ಆಗುತ್ತದೆ. ರಕ್ತ ಪರೀಕ್ಷೆ, ಮಲ ಪರೀಕ್ಷೆ ಎರಡೂ ಆಗಿವೆ. ಹುಳ ಇಲ್ಲ, ಥೈರಾಯ್ಡ್ ಸರಿಯಿದೆ. ಒಂದೇ ಲೆಕ್ಕ ಇಬ್ಬರಿಗೂ ಹೀಗೆ ಉಲ್ಟಾ ಯಾಕೆ ಹೊಡೆಯುತ್ತಿದೆ? ಹಾಗಾದರೆ ಯಾರಿಗೆ ಎಷ್ಟು ಹಾಕಬೇಕು?

ಬಾಲದಮಾತು:

ಶೇಕಡಾ ಲೆಕ್ಕ ಬರೀ ಶುರು ಮಾಡೋಕೆ ಅಷ್ಟೇ. ಆಮೇಲೆ ನಾಯಿಯ ಮೈ ನೋಡಿ ಹೆಚ್ಚು ಕಡಿಮೆ ಮಾಡಬೇಕು.

ಮೈ ನೋಡುವುದು ಹೇಗೆ ಅಂದರೆ, ನಿಮ್ಮ ಒಂದು ಕೈ ಚಾಚಿ ಇನ್ನೊಂದು ಕೈ ಬೆರಳಿಂದ ಸವರಿ. ಬೆರಳು ನೀಳವಾಗಿ ಚಾಚಿದಾಗ ಅಂಗೈ ಹಿಂಭಾಗದ ಮೂಳೆಗಳು ತೆಳು ಚರ್ಮದ ಕೆಳಗೆ ಹೇಗೆ ತಾಗುತ್ತವೋ, ಪಕ್ಕೆಲುಬು ಹಾಗೆ ತಾಗಿದರೆ ಸರಿ. ಮುಷ್ಟಿ ಕಟ್ಟಿದಾಗ ಗೆಣ್ಣು ಎದ್ದು ನಿಲ್ಲುವ ಹಾಗಿದ್ದರೆ ನಾಯಿ ತೀರಾ ಸಣ್ಣ. ಅಂಗೈ ಒಳಭಾಗದಂತೆ ಮೆತ್ತಗೆ ಇದ್ದು ಮೂಳೆ ಹುಡುಕಬೇಕಾದರೆ ದಪ್ಪ. ಮೇಲಿಂದ ನೋಡಿದರೆ ಸೊಂಟ ಕಾಣಬೇಕು, ಪಕ್ಕದಿಂದ ನೋಡಿದರೆ ಹೊಟ್ಟೆ ಹಿಂದಕ್ಕೆ ಹೋಗುತ್ತಾ ಮೇಲೇರಬೇಕು. ಡಾಕ್ಟರುಗಳು ಇದನ್ನೇ 9 ಅಂಕದ ಪಟ್ಟಿಯಲ್ಲಿ ಅಳೆಯುತ್ತಾರೆ, 4 ಅಥವಾ 5 ಬಂದರೆ ಒಳ್ಳೆಯದು. ಉದ್ದ ಕೂದಲಿನ ನಾಯಿಗಳಲ್ಲಿ ಕಣ್ಣು ನಂಬಬೇಡಿ, ಕೈಯೇ ನಂಬಿ.

ಪುಟ್ಟಿಗೆ ಇವತ್ತಿಂದಲೇ ಹೆಚ್ಚಿಸಿ. ಎಷ್ಟು ಅನ್ನೋದನ್ನ ಲೆಕ್ಕ ಗೊತ್ತಿರುವವರು ಹೇಳಲಿ.

ಗ್ರಾಂ_ಲೆಕ್ಕ:

ಇದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯಬೇಕು, ಯಾಕೆಂದರೆ ಪುಟ್ಟಿಯಂಥ ಸಣ್ಣ ನಾಯಿಗಳು ಈ ಶೇಕಡಾ ಲೆಕ್ಕದಿಂದ ನಿಜಕ್ಕೂ ಹಸಿದುಕೊಂಡಿರುತ್ತವೆ, ಮನೆಯವರಿಗೆ ಗೊತ್ತೇ ಆಗುವುದಿಲ್ಲ.

ಆ ಲೆಕ್ಕದಲ್ಲಿ ಎರಡು ತೊಂದರೆ ಇದೆ. ಮೊದಲನೆಯದು, ನಾಯಿಗೆ ಬೇಕಾದ ಶಕ್ತಿ ತೂಕ ಏರಿದಷ್ಟೇ ನೇರವಾಗಿ ಏರುವುದಿಲ್ಲ. 30 ಕೆಜಿ ನಾಯಿ 5 ಕೆಜಿ ನಾಯಿಗಿಂತ ಆರು ಪಟ್ಟು ಭಾರ, ಆದರೆ ಅದಕ್ಕೆ ಆರು ಪಟ್ಟು ಊಟ ಬೇಡ, ನಾಲ್ಕು ಪಟ್ಟಿಗಿಂತ ಸ್ವಲ್ಪ ಕಡಿಮೆ ಸಾಕು. ಅಂದರೆ ಪ್ರತಿ ಕೆಜಿ ತೂಕಕ್ಕೆ ಸಣ್ಣ ನಾಯಿಗೆ ಯಾವಾಗಲೂ ಜಾಸ್ತಿ ಬೇಕು. ಎರಡನೆಯದು, ಗ್ರಾಂ ಒಂದೇ ಇದ್ದರೂ ಮಾಂಸ ಒಂದೇ ಅಲ್ಲ. ಚರ್ಮ ತೆಗೆದ ಚಿಕನ್ 100 ಗ್ರಾಂನಲ್ಲಿ ಸುಮಾರು 120 ಕಿಲೋಕ್ಯಾಲರಿ. ಚರ್ಮ ಸಮೇತ ಕಾಲು ತೊಡೆ ಆದರೆ 200ರ ಮೇಲೆ. ಶೇಕಡಾ 20 ಕೊಬ್ಬಿರುವ ಬೀಫ್ ಕೈಮಾ ಅಂದರೆ 250 ದಾಟುತ್ತದೆ. ಬಟ್ಟಲಲ್ಲಿ ಅಷ್ಟೇ ಕಾಣುತ್ತದೆ, ಒಳಗಿರುವುದು ಎರಡು ಪಟ್ಟು.

ನಿಮ್ಮ ಮನೆಯಲ್ಲಿ ಈ ಎರಡೂ ಒಟ್ಟಿಗೆ ಆಗಿದೆ. ಕಡಿಮೆ ಬೇಕಾದವನಿಗೆ ಕೊಬ್ಬಿನ ಮಾಂಸ ಹೋಗುತ್ತಿದೆ, ಜಾಸ್ತಿ ಬೇಕಾದವಳಿಗೆ ತೆಳು ಮಾಂಸ.

ಪಶುವೈದ್ಯರು ಬಳಸುವ ಸೂತ್ರ ಹೀಗಿದೆ. ನಾಯಿ ಸುಮ್ನೆ ಮಲಗಿದ್ದರೂ ಬೇಕಾಗುವ ಶಕ್ತಿ ಅಂದರೆ ತೂಕದ 0.75 ಘಾತವನ್ನು 70ರಿಂದ ಗುಣಿಸಿದ್ದು. ಘಾತ ಅಂತ ಹೆದರಬೇಡಿ, ಸಾದಾ ಕ್ಯಾಲ್ಕುಲೇಟರ್ ಸಾಕು. ತೂಕವನ್ನು ಮೂರು ಸಲ ಗುಣಿಸಿ, ವರ್ಗಮೂಲದ ಗುಂಡಿ ಎರಡು ಸಲ ಒತ್ತಿ, ಬಂದದ್ದನ್ನು 70ರಿಂದ ಗುಣಿಸಿ. ಪುಟ್ಟಿಗೆ 5×5×5 ಅಂದರೆ 125. ವರ್ಗಮೂಲ 11.18, ಮತ್ತೊಮ್ಮೆ ಒತ್ತಿದರೆ 3.34. ಇದನ್ನು 70ರಿಂದ ಗುಣಿಸಿದರೆ ಸುಮಾರು 234 ಕಿಲೋಕ್ಯಾಲರಿ. ಕರಿಯನಿಗೆ ಈಗಿನ 34 ಹಾಕಬೇಡಿ, ಇರಬೇಕಾದ 30 ಹಾಕಿ. ಆಗ ಸುಮಾರು 897 ಬರುತ್ತದೆ.

ಇದರ ಮೇಲೆ ನಾಯಿಯ ಸ್ಥಿತಿ ನೋಡಿ ಇನ್ನೊಂದು ಗುಣಾಕಾರ. ಆಪರೇಷನ್ ಆದ ವಯಸ್ಕ ನಾಯಿಗೆ 1.6, ಆಗದಿದ್ದರೆ 1.8, ತೂಕ ಇಳಿಸಬೇಕಾದ ನಾಯಿಗೆ 1. ಓಡಾಟ ಕಡಿಮೆ ಇರುವ ಎಷ್ಟೋ ನಾಯಿಗಳಿಗೆ 1.6 ಕೂಡ ಜಾಸ್ತಿಯೇ, 1.2 ಅಥವಾ 1.4ರಲ್ಲೇ ತೂಕ ನಿಂತುಬಿಡುತ್ತದೆ. ಹಾಗಾಗಿ ಇದನ್ನೂ ವೇದವಾಕ್ಯ ಅಂದುಕೊಳ್ಳಬೇಡಿ, ಆದರೆ ಶೇಕಡಾ ಲೆಕ್ಕಕ್ಕಿಂತ ಎಷ್ಟೋ ಹತ್ತಿರ ಕರೆದೊಯ್ಯುತ್ತದೆ.

ಪುಟ್ಟಿಗೆ ಬೇಕಾದ್ದು 234×1.6, ಅಂದರೆ ಸುಮಾರು 375. ಸಿಗುತ್ತಿರುವುದು 125 ಗ್ರಾಂ ಎದೆಮಾಂಸದಿಂದ 150, ಅರ್ಧ ಮೊಟ್ಟೆಯಿಂದ ಇನ್ನೊಂದು 35. ಒಟ್ಟು 185. ಸುಮ್ನೆ ಮಲಗಿರೋಕೆ ಬೇಕಾದಷ್ಟೂ ಇಲ್ಲ! ಅವಳು ಅಡುಗೆಮನೆ ಬಾಗಿಲಲ್ಲಿ ಕೂರುವುದು ಆಸೆಗಲ್ಲ, ಹಸಿವಿಗೆ.

ಕರಿಯನ ಮಿಶ್ರಣ ಗ್ರಾಂಗೆ 1.8 ಕಿಲೋಕ್ಯಾಲರಿ ಅಂತ ಹಿಡಿದರೆ 850 ಗ್ರಾಂಗೆ 1,530. ತೂಕ ಇಳಿಯಬೇಕಾದರೆ 900 ಸಾಕು.

ಇಲ್ಲಿ ಒಂದು ಒಳ್ಳೆಯ ದಾರಿ ಇದೆ. ಕರಿಯನ ಬಟ್ಟಲು ಅರ್ಧಕ್ಕೆ ಇಳಿಸಿ ಅವನನ್ನು ಹಸಿವಲ್ಲಿ ಇಡಬೇಕಾಗಿಲ್ಲ. ಅವನ ಮಾಂಸದ ಚರ್ಮ, ಕಾಣುವ ಕೊಬ್ಬು ತೆಗೆಯಿರಿ. ಗ್ರಾಂಗೆ 1.2 ಆದರೆ 900 ಕಿಲೋಕ್ಯಾಲರಿಗೆ 750 ಗ್ರಾಂ ಹಾಕಬಹುದು. ಈಗ ಹಾಕುತ್ತಿರುವುದಕ್ಕಿಂತ 100 ಗ್ರಾಂ ಅಷ್ಟೇ ಕಡಿಮೆ, ಬಟ್ಟಲು ಹೆಚ್ಚುಕಡಿಮೆ ಹಾಗೇ ಕಾಣುತ್ತದೆ. ಪುಟ್ಟಿಗೆ ಸ್ವಲ್ಪ ಚರ್ಮ ಬೆರೆಸಿ ಗ್ರಾಂಗೆ 1.5 ಮಾಡಿದರೆ 250 ಗ್ರಾಂ. ಅದು ಅವಳ ತೂಕದ ಶೇಕಡಾ 5! ಕರಿಯನದು ಇರಬೇಕಾದ 30 ಕೆಜಿ ಲೆಕ್ಕಕ್ಕೆ 2.5 ಬರುತ್ತದೆ. ಒಂದೇ ಮನೆ, ಇಬ್ಬರೂ ವಯಸ್ಕರು, ಆದರೂ ಒಬ್ಬಳಿಗೆ ಎರಡರಷ್ಟು ಶೇಕಡಾ ಬೇಕು.

ಪುಟ್ಟಿಗೆ ಒಂದೇ ಸಲ ಎರಡು ಪಟ್ಟು ಸುರಿಯಬೇಡಿ. ಒಂದು ವಾರ ಹತ್ತು ದಿನದಲ್ಲಿ ಏರಿಸುತ್ತಾ ಹೋಗಿ, ದಿನಕ್ಕೆ ಮೂರು ಸಲ ಹಂಚಿ. ಹಠಾತ್ತಾಗಿ ಕೊಬ್ಬು ಜಾಸ್ತಿ ಆದರೆ ಮೇದೋಜೀರಕ ಗ್ರಂಥಿಗೆ ಉರಿಯೂತ ಬರುವ ಅಪಾಯ ಇದೆ. ಹಿಂದೆ ಅಂಥದ್ದು ಆಗಿದ್ದರೆ ಚರ್ಮ ಬೇಡವೇ ಬೇಡ, ತೆಳು ಮಾಂಸವನ್ನೇ 310 ಗ್ರಾಂವರೆಗೆ ಏರಿಸಿ.

ಬಾಲದಮಾತು:

ಇದನ್ನ ಓದಿ ನಮ್ಮ ಮನೆಯ ಸಣ್ಣವನ ಲೆಕ್ಕವನ್ನೂ ಮತ್ತೆ ಮಾಡುತ್ತಿದ್ದೇನೆ. ಒಂದು ಸಂದೇಹ. ಬಿಸ್ಕತ್ತು, ತರಬೇತಿಗೆ ಕೊಡೋ ತುಂಡುಗಳನ್ನ ಇದರಲ್ಲಿ ಸೇರಿಸಬೇಕಾ?

ಗ್ರಾಂ_ಲೆಕ್ಕ:

ಖಂಡಿತ ಸೇರಿಸಬೇಕು. ದಿನದ ಒಟ್ಟು ಶಕ್ತಿಯಲ್ಲಿ ಶೇಕಡಾ 10 ಮೀರದಂತೆ ನೋಡಿ. ಪುಟ್ಟಿಗೆ ಅದು 37 ಕಿಲೋಕ್ಯಾಲರಿ, ಅಂದರೆ ಅರ್ಧ ಮೊಟ್ಟೆಗೇ ಮುಗಿಯಿತು. ಸಣ್ಣ ನಾಯಿಗಳಲ್ಲಿ ಮನೆಮಂದಿಯೆಲ್ಲ ಒಂದೊಂದು ತುಂಡು ಕೊಟ್ಟರೆ ಅದೇ ಒಂದು ಊಟ ಆಗಿಬಿಡುತ್ತದೆ.

ಎಲುಬು_ಲಿವರ್:

ಗ್ರಾಂ ಎಷ್ಟು ಅನ್ನೋದು ಸರಿಯಾಯಿತು, ಆದರೆ ಆ ಗ್ರಾಂ ಒಳಗೆ ಏನಿದೆ ಅಂತ ಕೇಳದೆ ಬಿಡೋಕಾಗಲ್ಲ. ಕರಿಯನಿಗೆ ತೊಡೆ ಮತ್ತು ಲಿವರ್, ಪುಟ್ಟಿಗೆ ಬರೀ ಎದೆಮಾಂಸ ಅಂದಿರಿ. ಎಲುಬು ಎಲ್ಲಿ? ಮಾಂಸದಲ್ಲಿ ರಂಜಕ ತುಂಬಾ ಇದೆ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಎರಡರ ಅನುಪಾತ 1:1ರಿಂದ 2:1ರ ಒಳಗೆ ಇರಬೇಕು, ಕ್ಯಾಲ್ಸಿಯಂ ಮೇಲುಗೈ. ಬರೀ ಮಾಂಸ ತಿಂದರೆ ದೇಹ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಸ್ವಂತ ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ. ವಯಸ್ಕ ನಾಯಿಯಲ್ಲಿ ಇದು ಬೇಗ ಹೊರಗೆ ಕಾಣುವುದಿಲ್ಲ, ಅದೇ ಭಯ.

ಸಾಮಾನ್ಯವಾಗಿ ಪಾಲಿಸುವ ಅನುಪಾತ 80:10:10. ಮಾಂಸ 80, ಎಲುಬು 10, ಒಳ ಅಂಗಗಳು 10. ಆ ಕೊನೆಯ ಹತ್ತರಲ್ಲಿ ಅರ್ಧ ಲಿವರ್, ಇನ್ನರ್ಧ ಮೂತ್ರಪಿಂಡ ಅಥವಾ ಗುಲ್ಮ. ಹೃದಯ ಮತ್ತು ಚಿಕನ್ ಗಿಜರ್ಡ್ ಈ ಲೆಕ್ಕಕ್ಕೆ ಮಾಂಸದ ಸಾಲಿಗೆ ಸೇರುತ್ತವೆ, ಅಂಗದ ಸಾಲಿಗಲ್ಲ.

ಇಲ್ಲಿ ತುಂಬಾ ಜನ ಎಡವುವುದು ಆ 10ರಲ್ಲಿ. ಅದು ಬರಿ ಎಲುಬಿನ ತೂಕ, ಎಲುಬಿರುವ ತುಂಡಿನ ತೂಕ ಅಲ್ಲ. ಚಿಕನ್ ಕಾಲು ತೊಡೆ ಸೇರಿದ ತುಂಡಿನಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಎಲುಬು ಇರುತ್ತದೆ, ರೆಕ್ಕೆಯಲ್ಲಿ ಹತ್ತಿರ ಹತ್ತಿರ ಅರ್ಧ. ಹಾಗಾಗಿ ಕರಿಯನ 750 ಗ್ರಾಂಗೆ 75 ಗ್ರಾಂ ಎಲುಬು ಬೇಕಾದರೆ ಕಾಲು ತೊಡೆ ತುಂಡು 250ರಿಂದ 280 ಗ್ರಾಂ ಹಾಕಿ, ಉಳಿದದ್ದು ಎಲುಬಿಲ್ಲದ ಮಾಂಸ ಮತ್ತು ಅಂಗ. ಲಿವರ್ 35ರಿಂದ 40 ಗ್ರಾಂ ಸಾಕು. ಅದಕ್ಕಿಂತ ತುಂಬಾ ಜಾಸ್ತಿ ದಿನವೂ ಕೊಟ್ಟರೆ ವಿಟಮಿನ್ ಎ ದೇಹದಲ್ಲಿ ಸೇರುತ್ತಾ ಹೋಗಿ ಮೂಳೆಗೇ ತೊಂದರೆ. ಪುಟ್ಟಿಗೆ ಎಲುಬು 25 ಗ್ರಾಂ, ಲಿವರ್ 12. ಅವಳಿಗೆ ಎಲುಬನ್ನು ಅರೆದೇ ಕೊಡಿ, ಗಬಗಬ ತಿನ್ನೋ ಸಣ್ಣ ನಾಯಿಗೆ ರೆಕ್ಕೆ ತುಂಡು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ಮಲ ನೋಡುತ್ತಿರಿ. ಬಿಳಿಯಾಗಿ, ಒಣಗಿ ಸುಣ್ಣದ ಪುಡಿಯಂತೆ ಉದುರಿದರೆ, ಮಲ ಹಾಕೋಕೆ ನಾಯಿ ತಿಣುಕಿದರೆ, ಎಲುಬು ಜಾಸ್ತಿ. ಕಪ್ಪಾಗಿ ನೀರಾದರೆ ಲಿವರ್ ಅಥವಾ ಕೊಬ್ಬು ಜಾಸ್ತಿ ಆಗಿರಬಹುದು. ಆದರೆ ಟಾರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ ಅದು ಒಳಗಿನ ರಕ್ತಸ್ರಾವ ಇರಬಹುದು, ಮನೆಯಲ್ಲಿ ಕಾಯದೆ ಡಾಕ್ಟರ್ ಹತ್ತಿರ ಹೋಗಿ.

ಎಲುಬು ಬೇಡ ಅನ್ನುವವರಿಗೆ ಮೊಟ್ಟೆ ಸಿಪ್ಪೆ ಇದೆ. ತೊಳೆದು ಒಣಗಿಸಿ ನುಣ್ಣಗೆ ಪುಡಿ ಮಾಡಿ. ಒಂದು ಗ್ರಾಂ ಪುಡಿಯಲ್ಲಿ ಸುಮಾರು 380 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಒಂದು ಕೆಜಿ ಎಲುಬಿಲ್ಲದ ಮಾಂಸಕ್ಕೆ 5ರಿಂದ 6 ಗ್ರಾಂ. ಬೇಯಿಸಿದ ಎಲುಬು ಮಾತ್ರ ಎಂದೂ ಕೊಡಬೇಡಿ, ಅದು ಚೂಪು ಚೂರುಗಳಾಗಿ ಸೀಳಿ ಕರುಳು ಹರಿಯುತ್ತದೆ.

ಇನ್ನೊಂದು. 80:10:10 ಪಾಲಿಸಿದ ತಕ್ಷಣ ಊಟ ಪೂರ್ಣ ಆಗುವುದಿಲ್ಲ. ಸತು, ಮ್ಯಾಂಗನೀಸ್, ಅಯೋಡಿನ್, ವಿಟಮಿನ್ ಇ ಮತ್ತು ಡಿ ಇಂಥ ಊಟದಲ್ಲಿ ಕೊರತೆ ಬೀಳುವುದು ಮಾಮೂಲು. ಕರಿಯನಂತೆ ಕ್ಯಾಲರಿ ಕಡಿಮೆ ಮಾಡಿದಾಗ ಇವೂ ಜೊತೆಗೆ ಕಡಿಮೆ ಆಗುತ್ತವೆ. ನಾಯಿಯ ಪೋಷಣೆ ಓದಿದ ಪಶುವೈದ್ಯರ ಹತ್ತಿರ ಒಂದು ಸಲ ಪಟ್ಟಿ ತೋರಿಸಿ ಸರಿಮಾಡಿಸಿಕೊಳ್ಳಿ.

ಶಾಂತ_ಬೌಬೌ:

ನಾನು ಹಸಿ ಮಾಂಸದ ಪರ ಅಲ್ಲ, ಅದನ್ನ ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಪಶುವೈದ್ಯರ ಸಂಘ 2012ರಿಂದಲೇ ಇದು ಬೇಡ ಅನ್ನುತ್ತಿದೆ. ಸಾಲ್ಮೊನೆಲ್ಲಾ, ಇ. ಕೋಲೈ, ಲಿಸ್ಟೀರಿಯಾ ಇವೆಲ್ಲ ಹಸಿ ಮಾಂಸದಲ್ಲಿ ಬರುತ್ತವೆ, ಫ್ರೀಜರಿನಲ್ಲಿ ಇಟ್ಟರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಸುಮ್ನೆ ನಿದ್ದೆ ಮಾಡುತ್ತವೆ. ನಾಯಿಗೆ ಏನೂ ಆಗದೆ ಇರಬಹುದು, ಆದರೆ ಅದರ ಮಲದಲ್ಲಿ ಸಾಲ್ಮೊನೆಲ್ಲಾ ಹೊರಬರುತ್ತಿರುತ್ತದೆ, ಅದೇ ನಾಯಿ ಮಗುವಿನ ಮುಖ ನೆಕ್ಕುತ್ತದೆ. ಮನೆಯಲ್ಲಿ ಪುಟ್ಟ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು ಇದ್ದರೆ ದಯವಿಟ್ಟು ಬೇಯಿಸಿ ಹಾಕಿ. ಹಸಿ ಹಂದಿಮಾಂಸದಲ್ಲಿ ಔಜೆಸ್ಕಿ ಕಾಯಿಲೆಯ ವೈರಸ್ ಇದ್ದರೆ ನಾಯಿ ಉಳಿಯುವುದೇ ಇಲ್ಲ. ಕುರಿಯ ಹಸಿ ಲಿವರ್, ಶ್ವಾಸಕೋಶದಲ್ಲಿ ಹೈಡಾಟಿಡ್ ಚೀಲ ಇದ್ದರೆ ನಾಯಿಯ ಹೊಟ್ಟೆಯಲ್ಲಿ ಲಾಡಿಹುಳ ಬೆಳೆದು, ಅದರ ಮೊಟ್ಟೆಗಳು ಮನುಷ್ಯರಿಗೆ ದಾಟುತ್ತವೆ.

ಬೇಯಿಸಿದರೂ ಗ್ರಾಂ_ಲೆಕ್ಕ ಅವರು ಕೊಟ್ಟ ಲೆಕ್ಕವೇ ನಡೆಯುತ್ತದೆ. ಎಲುಬು ತೆಗೆದು ಸಿಪ್ಪೆ ಪುಡಿ ಹಾಕಿ. ಮಾಂಸವನ್ನು ಹಸಿ ಇರುವಾಗಲೇ ತೂಗಿ, ಬೆಂದ ಮೇಲೆ ತೂಗಬೇಡಿ. ಬೇಯುವಾಗ ನೀರು ಹೋಗಿ ಸುಮಾರು ಕಾಲು ಭಾಗ ತೂಕ ಇಳಿಯುತ್ತದೆ, ಆಗ 750 ಗ್ರಾಂ ಅಂತ ತೂಗಿದರೆ ಕರಿಯನಿಗೆ 1,000 ಗ್ರಾಂ ಮಾಂಸ ಹೋಗಿರುತ್ತದೆ. ಬೆಂದ ನೀರನ್ನೂ ಊಟಕ್ಕೆ ಸುರಿಯಿರಿ, ಒಳ್ಳೆಯದೆಲ್ಲ ಅದರಲ್ಲೂ ಇರುತ್ತದೆ.

ಎಲುಬು_ಲಿವರ್:

ಶಾಂತ_ಬೌಬೌ ಹೇಳಿದ ಅಪಾಯಗಳು ನಿಜ, ನಾನು ಹಸಿಯೇ ಹಾಕುವವನಾದರೂ ಒಪ್ಪುತ್ತೇನೆ. ಕರಗಿಸುವುದು ಫ್ರಿಜ್ ಒಳಗೇ, ಕೆಳ ತಟ್ಟೆಯಲ್ಲಿ, ಮುಚ್ಚಿಟ್ಟು. ತಿಂದು ಬಿಟ್ಟದ್ದನ್ನು ಹಾಗೇ ಇಡಬಾರದು. ಬಟ್ಟಲು, ಚಾಕು, ಹಲಗೆ ಎಲ್ಲ ಸೋಪಿನಿಂದ ತೊಳೆದು ಒಣಗಿಸಬೇಕು. ಇಷ್ಟು ದಿನವೂ ಮಾಡೋಕೆ ಆಗಲ್ಲ ಅನ್ನುವವರು ಬೇಯಿಸುವುದೇ ಸರಿ.

ಮರಿ_ಬಂತು:

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಮ್ಮಲ್ಲಿ ಜರ್ಮನ್ ಶೆಫರ್ಡ್ ಮರಿ ಇದೆ, ನಾಲ್ಕು ತಿಂಗಳು, 15 ಕೆಜಿ. ಮರಿಗೆ ಶೇಕಡಾ 10 ಅಂತ ಒಬ್ಬರು, 5 ಅಂತ ಇನ್ನೊಬ್ಬರು. ಯಾವುದು?

ಗ್ರಾಂ_ಲೆಕ್ಕ:

ಮರಿಗೆ ಶೇಕಡಾ ಪ್ರತಿ ವಾರ ಬದಲಾಗುತ್ತದೆ, ಅದಕ್ಕೇ ಆ ಗೊಂದಲ. ತೀರಾ ಎಳೆ ಮರಿಗೆ 10 ಹೊಂದಬಹುದು, ಬೆಳೆದಂತೆ ಇಳಿಯುತ್ತಾ ಬರುತ್ತದೆ. ಸೂತ್ರದಲ್ಲಿ ನಾಲ್ಕು ತಿಂಗಳವರೆಗೆ 3ರಿಂದ ಗುಣಿಸಬೇಕು, ಆಮೇಲೆ ದೊಡ್ಡದಾಗುವವರೆಗೆ 2. ನಿಮ್ಮ ಮರಿ ಆ ಗಡಿಯಲ್ಲೇ ಇದೆ. 15 ಕೆಜಿಗೆ ಮೂಲ ಸಂಖ್ಯೆ ಸುಮಾರು 534, ಎರಡರಿಂದ ಗುಣಿಸಿದರೆ 1,070 ಹತ್ತಿರ. ಗ್ರಾಂಗೆ 1.5 ಇರುವ ಊಟ ಆದರೆ ದಿನಕ್ಕೆ 710 ಗ್ರಾಂ. ಅಂದರೆ ನಿಮ್ಮ ಪ್ರಶ್ನೆಯ 5ಕ್ಕೆ ಹತ್ತಿರ. ವಾರಕ್ಕೊಮ್ಮೆ ತೂಗಿ ಮತ್ತೆ ಲೆಕ್ಕ ಹಾಕಿ.

ಎಲುಬು_ಲಿವರ್:

ದೊಡ್ಡ ತಳಿಯ ಮರಿ ಅಂದ ಮೇಲೆ ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ವಯಸ್ಕ ನಾಯಿ ಬೇಡದ ಕ್ಯಾಲ್ಸಿಯಂ ಅನ್ನು ಹೀರಿಕೊಳ್ಳದೆ ಬಿಡಬಲ್ಲದು, ಎಳೆ ಮರಿಗೆ ಆ ಹಿಡಿತ ಇರುವುದಿಲ್ಲ. ಕಡಿಮೆ ಆದರೆ ಮೂಳೆ ಬಾಗುತ್ತದೆ, ಜಾಸ್ತಿ ಆದರೆ ಕೀಲು ಮತ್ತು ಮೂಳೆ ಬೆಳವಣಿಗೆ ಕೆಡುತ್ತದೆ. ಅಂದಾಜಿನ ಊಟಕ್ಕೆ ಅಲ್ಲಿ ಜಾಗವೇ ಇಲ್ಲ. ಪೋಷಣೆ ತಜ್ಞರು ಬರೆದ ಪಟ್ಟಿ ಕೈಗೆ ಬರುವವರೆಗೆ ದೊಡ್ಡ ತಳಿಯ ಮರಿಗಳಿಗೆಂದೇ ಮಾಡಿದ ಪೂರ್ಣ ಆಹಾರ ಹಾಕಿ. ಮರಿ ದುಂಡಗೆ ಚೆನ್ನಾಗಿ ಕಾಣಲಿ ಅಂತ ಜಾಸ್ತಿ ತಿನ್ನಿಸಬೇಡಿ, ನಿಧಾನವಾಗಿ ಬೆಳೆದಷ್ಟೂ ಕೀಲಿಗೆ ಒಳ್ಳೆಯದು.

ಕರಿಯ_ಪುಟ್ಟಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪುಟ್ಟಿಗೆ ಇವತ್ತೇ 150 ಗ್ರಾಂ ಮಾಡಿದ್ದೇವೆ, ಏರಿಸುತ್ತಾ ಹೋಗುತ್ತೇವೆ. ಕರಿಯನ ಚರ್ಮ ನಿಂತಿತು. ಮನೆಯಲ್ಲಿ ನನ್ನ ಅತ್ತೆ ಇದ್ದಾರೆ, ವಯಸ್ಸಾಗಿದೆ. ಅದಕ್ಕೆ ಬೇಯಿಸಿ ಕೊಡುವುದು, ಸಿಪ್ಪೆ ಪುಡಿ ಹಾಕುವುದು ಅಂತ ತೀರ್ಮಾನ ಮಾಡಿದೆವು. ಕೊನೆಯ ಪ್ರಶ್ನೆ. ಎಷ್ಟು ದಿನಕ್ಕೊಮ್ಮೆ ಲೆಕ್ಕ ಬದಲಾಯಿಸಬೇಕು? ಕರಿಯನಿಗೆ ಹಸಿವು ತಡೆಯಲಾಗದಿದ್ದರೆ ಏನು ಮಾಡಲಿ?

ಗ್ರಾಂ_ಲೆಕ್ಕ:

ಎರಡು ವಾರಕ್ಕೊಮ್ಮೆ ತೂಗಿ, ಅದೇ ತಕ್ಕಡಿ, ಬೆಳಗ್ಗೆ ಊಟಕ್ಕೆ ಮುಂಚೆ. ಕರಿಯ ವಾರಕ್ಕೆ ತನ್ನ ತೂಕದ ಶೇಕಡಾ 1ರಿಂದ 2 ಇಳಿದರೆ ಸರಿಯಾದ ವೇಗ, ಅಂದರೆ 340ರಿಂದ 680 ಗ್ರಾಂ. ಅದಕ್ಕಿಂತ ಬೇಗ ಇಳಿದರೆ ಊಟ ಶೇಕಡಾ 10 ಏರಿಸಿ, ಇಳಿಯದಿದ್ದರೆ 10 ಇಳಿಸಿ. ಒಂದು ದಿನದ ತೂಕ ನೋಡಿ ಗಾಬರಿಯಾಗಬೇಡಿ, ಕುಡಿದ ನೀರು, ಮಲ ಎಲ್ಲ ಸೇರಿ ಏರಿಳಿತ ಇದ್ದೇ ಇರುತ್ತದೆ. 30 ಮುಟ್ಟಿದ ಮೇಲೆ ಗುಣಕವನ್ನು 1ರಿಂದ ಮೆಲ್ಲಗೆ 1.2, 1.4 ಅಂತ ಏರಿಸಿ ತೂಕ ಎಲ್ಲಿ ನಿಲ್ಲುತ್ತದೋ ನೋಡಿ, ಅದೇ ಅವನ ಸಂಖ್ಯೆ.

ಹಸಿವಿಗೆ ಬೇಯಿಸಿದ ಬೀನ್ಸ್, ಕ್ಯಾರೆಟ್, ಕುಂಬಳಕಾಯಿ ಬೆರೆಸಿ. ಹೊಟ್ಟೆ ತುಂಬುತ್ತದೆ, ಕ್ಯಾಲರಿ ಅಷ್ಟಾಗಿ ಏರುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ಮಾತ್ರ ಹತ್ತಿರಕ್ಕೂ ಬರಬಾರದು.

ಅವನು ಬೇಡುವ ಮುಖ ಮಾಡಿದಾಗ ಮನಸ್ಸು ಕರಗುತ್ತದೆ, ಗೊತ್ತು. ಆಗ ಒಂದು ವಿಷಯ ನೆನಪಿಟ್ಟುಕೊಳ್ಳಿ. 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇಕಡಾ 25 ಕಡಿಮೆ ಊಟ ಹಾಕಿ ಜೀವನಪೂರ್ತಿ ಗಮನಿಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಜಾಸ್ತಿ ತಿಂದ ಗುಂಪಿನ ಮಧ್ಯಮ ಆಯುಸ್ಸು 11.2 ವರ್ಷ, ಕಡಿಮೆ ತಿಂದವಕ್ಕೆ 13. ಕೀಲು ನೋವಿನ ಚಿಕಿತ್ಸೆಯೂ ಅವಕ್ಕೆ ತಡವಾಗಿ ಬೇಕಾಯಿತು. ಲ್ಯಾಬ್ ಸಾಕುವವರಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕಾ?

ಪುಟ್ಟಿಯ ತೂಕ ಮಾತ್ರ ಮೊದಲ ಎರಡು ವಾರದಲ್ಲೇ ಏರೋಕೆ ಶುರುವಾಗಬೇಕು. 250 ಗ್ರಾಂ ತಿಂದೂ ಏರದಿದ್ದರೆ ಊಟದ ಲೆಕ್ಕ ಬಿಟ್ಟು ಮತ್ತೆ ಡಾಕ್ಟರ್ ಹತ್ತಿರ ಹೋಗಿ, ಜೀರ್ಣಕ್ಕೆ ಬೇಕಾದ ಕಿಣ್ವಗಳ ಪರೀಕ್ಷೆ ಮಾಡಿಸಿ. ತೂಗಿದ ಮೇಲೆ ಇಬ್ಬರ ಸಂಖ್ಯೆಯನ್ನೂ ಇಲ್ಲೇ ಹಾಕಿ, ಮುಂದಿನ ಗ್ರಾಂ ಒಟ್ಟಿಗೆ ನೋಡೋಣ.